ಸರಿಯಾಗೋಕೆ ಸರಿಯಬೇಕು: ನನ್ನ ಫ್ರೆಟ್‌ಲೆಸ್ ಬೇಸ್, ಅಪ್ಪನ ಹಾರ್ಮೋನಿಯಂ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ನಂಜನಗೂಡಿನಿಂದ ಮಾತಾಡ್ತಾ ಇದೀನಿ. ಇವತ್ತು ಶುರುವಿನಲ್ಲೇ ಒಂದು ವಿನಂತಿ. ಮೊಬೈಲ್ ಸ್ಪೀಕರ್‌ನಲ್ಲಿ ಕೇಳ್ತಾ ಇದ್ದರೆ ದಯವಿಟ್ಟು ಇಯರ್‌ಫೋನ್ ಹಾಕ್ಕೊಳ್ಳಿ. ಈಗ ನಾನು ಕೇಳಿಸೋ ಶಬ್ದ ಆ ಪುಟ್ಟ ಸ್ಪೀಕರ್‌ಗೆ ನಿಲುಕೋದೇ ಇಲ್ಲ.

[ಬೇಸ್ ಗಿಟಾರಿನ ದಪ್ಪ ತಂತಿ ಮೀಟಿದ ಸದ್ದು]

ಕೇಳಿಸ್ತಾ? ಇದು ಬೇಸ್ ಗಿಟಾರಿನ ಅತಿ ದಪ್ಪ ತಂತಿ. ಸೆಕೆಂಡಿಗೆ ಸುಮಾರು 41 ಸಲ ಅಲ್ಲಾಡುತ್ತೆ. ಸಿನಿಮಾ ಹಾಡುಗಳಲ್ಲಿ ಕೆಳಗೆ 'ದುಂ ದುಂ' ಅಂತ ಒಂದು ನಡಿಗೆ ಹೋಗ್ತಾ ಇರುತ್ತಲ್ಲ, ನಾವು ಯಾರೂ ಗಮನ ಕೊಡಲ್ಲ, ಆದರೆ ತೆಗೆದುಬಿಟ್ಟರೆ ಹಾಡು ಖಾಲಿ ಖಾಲಿ ಅನ್ಸುತ್ತೆ, ಅದೇ ಇದು. ಈಗ ಇನ್ನೊಂದು ಕೇಳಿ.

[ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸದ್ದು]

ಇದು ಸಾಮಾನ್ಯ ಬೇಸ್‌ನಲ್ಲಿ ಬರಲ್ಲ. ಇದು ಫ್ರೆಟ್‌ಲೆಸ್, ಅಂದ್ರೆ ಮೆಟ್ಟಿಲಿಲ್ಲದ ಬೇಸ್. ಏಳು ತಿಂಗಳ ಹಿಂದೆ ಇದನ್ನ ತಗೊಂಡೆ. ಹೊಸದಾಗಿ ತಗೊಂಡೋರು ಎಲ್ಲಿಂದ ಶುರು ಮಾಡಬೇಕು, ನಾನು ಎಲ್ಲೆಲ್ಲಿ ಎಡವಿದೆ, ಅದನ್ನ ಹೇಳ್ತೀನಿ. ಜೊತೆಗೆ ನನ್ನ ಮತ್ತು ಅಪ್ಪನ ನಡುವಿನ ಒಂದು ಲೆಕ್ಕವೂ ಇದೆ. ಅದನ್ನ ಬಿಟ್ಟು ಈ ಕಥೆ ಹೇಳೋಕೆ ಆಗಲ್ಲ.

ಮೆಟ್ಟಿಲು ಇದ್ದರೇನು, ಇಲ್ಲದಿದ್ದರೇನು?

ಮೈಸೂರು ಸೀಮೆಯವರಿಗೆ ಇದನ್ನ ವಿವರಿಸೋದು ಸುಲಭ. ನಮಗೆ ವೀಣೆ ಗೊತ್ತು. ವೀಣೆಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳಿರುತ್ತೆ. ಮೆಟ್ಟಿಲಿನ ಹತ್ತಿರ ತಂತಿ ಒತ್ತಿದರೆ ಸ್ವರ ಎಲ್ಲಿ ನಿಲ್ಲಬೇಕು ಅನ್ನೋದನ್ನ ಆ ಮೆಟ್ಟಿಲೇ ತೀರ್ಮಾನ ಮಾಡುತ್ತೆ. ಗಿಟಾರಿನ ಫ್ರೆಟ್ಟೂ ಅದೇ ಕೆಲಸ ಮಾಡುತ್ತೆ. ಪಿಟೀಲಿಗೆ ಮೆಟ್ಟಿಲಿಲ್ಲ. ಅಲ್ಲಿ ಬೆರಳು ಎಲ್ಲಿ ಕೂತ್ಕೊಳ್ಳುತ್ತೋ ಅಲ್ಲೇ ಸ್ವರ. ಸರಿಯಾಗಿದ್ದರೂ ನಿಮ್ಮದೇ, ತಪ್ಪಾಗಿದ್ದರೂ ನಿಮ್ಮದೇ.

ತಮಾಷೆ ಏನು ಗೊತ್ತಾ? ಎಲೆಕ್ಟ್ರಿಕ್ ಬೇಸ್ ಜನಪ್ರಿಯ ಆಗೋಕೆ ಮೆಟ್ಟಿಲು ಇದ್ದದ್ದೂ ಒಂದು ಕಾರಣ. ಅದಕ್ಕೂ ಮುಂಚೆ ಬೇಸ್ ಅಂದ್ರೆ ಆಳೆತ್ತರದ ಡಬಲ್ ಬೇಸ್, ಮೆಟ್ಟಿಲಿಲ್ಲದ್ದು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಫ್ರೆಟ್ ಇರೋ ಬೇಸ್ ಮಾರುಕಟ್ಟೆಗೆ ಬಿಟ್ಟರು. ಅದರ ಹೆಸರೇ 'ಪ್ರಿಸಿಷನ್ ಬೇಸ್', ಅಂದ್ರೆ ಕರಾರುವಾಕ್ಕಾದ ಬೇಸ್. ಹತ್ತು ವರ್ಷ ಆಗೋ ಹೊತ್ತಿಗೆ ಜನ ಆ ಫ್ರೆಟ್ ಕೀಳೋಕೆ ಶುರು ಮಾಡಿದರು! ರೋಲಿಂಗ್ ಸ್ಟೋನ್ಸ್ ತಂಡದ ಬಿಲ್ ವೈಮನ್ 1961ರಲ್ಲಿ ಒಂದು ಅಗ್ಗದ ಬೇಸ್‌ನ ಫ್ರೆಟ್ ಕಿತ್ತು ನುಡಿಸಿದರು. ಆಮೇಲೆ ಬಂದವರು ಜಾಕೊ ಪಾಸ್ಟೋರಿಯಸ್. ಅವರ 1962ರ ಫೆಂಡರ್ ಜಾಜ್ ಬೇಸ್‌ಗೆ ಫ್ರೆಟ್ ಇರಲಿಲ್ಲ. ಫ್ರೆಟ್ ಇದ್ದ ಸಂದುಗಳಿಗೆ ಮೆತ್ತು ತುಂಬಿ, ಮೇಲೆ ದೋಣಿಗೆ ಬಳಿಯೋ ಎಪಾಕ್ಸಿ ಬಳಿದಿದ್ದರು. 1976ರಲ್ಲಿ ಬಂದ ಅವರ ಮೊದಲ ಆಲ್ಬಂ ಕೇಳಿ. ಬೇಸ್ ಅಲ್ಲಿ ಬರೀ ನಡೆಯಲ್ಲ, ಹಾಡುತ್ತೆ. ನಾನು ಮರುಳಾಗಿದ್ದೂ ಅದಕ್ಕೇ.

ಅಪ್ಪನ 30 ಸಾವಿರ

ನಾನು ಬಿಕಾಂ. ಅದಾದ ಮೇಲೆ ಸಿಎ ಇಂಟರ್ ಕಟ್ಟಿದೆ. ಮೂರು ಸಲ. ಮೂರು ಸಲವೂ ಆಗಲಿಲ್ಲ. ನಾಲ್ಕನೇ ಸಲದ ಕೋಚಿಂಗ್‌ಗೆ ಅಂತ ಅಪ್ಪ 30,000 ರೂಪಾಯಿ ಅಕೌಂಟಿಗೆ ಹಾಕಿದ್ದರು. ನಾನು ಕೋಚಿಂಗ್ ಸೇರಲಿಲ್ಲ. ಸೇರಲಿಲ್ಲ ಅಂತ ಹೇಳಲೂ ಇಲ್ಲ. ನಂಜನಗೂಡಿನಲ್ಲೂ ಟಿ. ನರಸೀಪುರದಲ್ಲೂ ಕೆಲವು ಅಂಗಡಿಗಳ ಲೆಕ್ಕ ಬರೆಯೋದು, ಜಿಎಸ್‌ಟಿ ರಿಟರ್ನ್ ಹಾಕೋದು, ಮಿಕ್ಕ ಹೊತ್ತಿನಲ್ಲಿ ಈ ಪಾಡ್‌ಕಾಸ್ಟ್. ಅಪ್ಪ ಕೇಳಿದಾಗಲೆಲ್ಲ "ಓದ್ತಾ ಇದೀನಿ" ಅಂತಿದ್ದೆ.

ಒಂದು ರಾತ್ರಿ, ಯಾವ ಗಳಿಗೆಯೋ ಏನೋ, 28,500 ಕೊಟ್ಟು ಫ್ರೆಟ್‌ಲೆಸ್ ಬೇಸ್ ಆರ್ಡರ್ ಮಾಡಿಬಿಟ್ಟೆ. ಉಳಿದ 1,500 ಕೇಬಲ್ಲು, ಚೀಲಕ್ಕೆ ಹೋಯ್ತು. ಮನೆಗೆ ನನ್ನ ಎದೆಯೆತ್ತರದ ರಟ್ಟಿನ ಡಬ್ಬ ಬಂತು. ಬಾಗಿಲು ತೆಗೆದಿದ್ದು ಅಪ್ಪ. "ಏನಿದು?" ಅಂದರು. "ಪಾಡ್‌ಕಾಸ್ಟ್ ಸಾಮಾನು" ಅಂದೆ. ಅವರು ಡಬ್ಬದ ಮೇಲಿನ ಗಿಟಾರ್ ಚಿತ್ರವನ್ನ ಒಂದು ಸಲ ನೋಡಿದರು, ನನ್ನ ಮುಖವನ್ನ ಒಂದು ಸಲ ನೋಡಿದರು, ಒಳಗೆ ಹೋದರು.

ಅಪ್ಪನ ಬಗ್ಗೆ ಒಂದು ಮಾತು. ಅವರು ನಮ್ಮ ಬೀದಿಯ ಭಜನೆ ಮಂಡಳಿಗೆ ಹಾರ್ಮೋನಿಯಂ ನುಡಿಸ್ತಾರೆ. ಪ್ರತಿ ಶನಿವಾರ ಸಂಜೆ, ನನಗೆ ಬುದ್ಧಿ ಬಂದಾಗಿನಿಂದಲೂ. ಅಂಥವರ ಮುಂದೆ ಸಂಗೀತದ ಸಾಮಾನನ್ನ 'ಪಾಡ್‌ಕಾಸ್ಟ್ ಸಾಮಾನು' ಅಂದೆ ನೋಡಿ.

ಮೊದಲ ಎಂಟು ದಿನ

ಬೇಸ್ ಚೆನ್ನಾಗಿತ್ತು. ಬೆರಳು ಓಡೋ ಹಲಗೆ ರೋಸ್‌ವುಡ್, ಅಂದ್ರೆ ಬೀಟೆ ಮರದ್ದು. ಅದರ ಮೇಲೆ ಒಂದು ಗೆರೆಯೂ ಇಲ್ಲ. ಪಕ್ಕದ ಅಂಚಿನಲ್ಲಿ ಮಾತ್ರ ಸಣ್ಣ ಬಿಳಿ ಚುಕ್ಕೆಗಳು, 3, 5, 7, 9ನೇ ಜಾಗಗಳಲ್ಲಿ ಒಂದೊಂದು, 12ರಲ್ಲಿ ಎರಡು. ಫ್ರೆಟ್ ಇದ್ದಿದ್ದರೆ ಎಲ್ಲಿ ಇರ್ತಿತ್ತೋ ಅಲ್ಲೇ ಚುಕ್ಕೆ ಅಂತ ಜೊತೆಗೆ ಬಂದ ಚೀಟಿಯಲ್ಲಿ ಬರೆದಿತ್ತು. ಕಾಲೇಜಿನಲ್ಲಿ ಗಿಟಾರ್ ಬಾರಿಸಿದ್ದೆ. ಏನ್ ಮಹಾ ಅಂದ್ಕೊಂಡೆ.

ನುಡಿಸಿದರೆ ಎಲ್ಲಾ ಸ್ವರವೂ ಸೋತು ಮಲಗಿದ ಹಾಗೆ. ಮೊಬೈಲಿನ ಟ್ಯೂನರ್ ಇಟ್ಟು ನೋಡಿದೆ. ಬರೀ ತಂತಿ ಮೀಟಿದರೆ ಸರಿ ಇದೆ. ಬೆರಳಿಟ್ಟ ತಕ್ಷಣ ಮುಳ್ಳು ಎಡಕ್ಕೆ, 30 ಸೆಂಟ್ ಕಡಿಮೆ. ಸೆಂಟ್ ಅಂದ್ರೆ ಸ್ವರದ ಪೈಸೆ ಅಂದ್ಕೊಳ್ಳಿ. ಹಾರ್ಮೋನಿಯಂನಲ್ಲಿ ಒಂದು ಬಿಳಿ ಮನೆಗೂ ಅದರ ಪಕ್ಕದ ಕರಿ ಮನೆಗೂ ನಡುವೆ 100 ಪೈಸೆ. ನಾನು ಪ್ರತಿ ಸ್ವರಕ್ಕೂ 30 ಪೈಸೆ ಕಡಿಮೆ ಕೊಡ್ತಾ ಇದ್ದೆ. ಮತ್ತೆ ಮತ್ತೆ ನುಡಿಸಿದೆ. ಎಂಟು ದಿನ.

ಆಮೇಲೆ ತೀರ್ಮಾನಕ್ಕೆ ಬಂದೆ. ಬೇಸೇ ಸರಿ ಇಲ್ಲ. ಚುಕ್ಕೆ ತಪ್ಪು ಜಾಗದಲ್ಲಿ ಹಾಕಿದ್ದಾರೆ. ವಾಪಸ್ ಕಳಿಸೋಕೆ 10 ದಿನ ಅವಕಾಶ ಇತ್ತು. ಫಾರಂ ತೆಗೆದು 'ವಸ್ತುವಿನಲ್ಲಿ ದೋಷ' ಅಂತ ಟಿಕ್ ಮಾಡಿ, ದೋಷದ ವಿವರವನ್ನೂ ಬರೆದಿಟ್ಟೆ. ನನ್ನ ಕಸುಬೇ ರಿಟರ್ನ್ ಫೈಲ್ ಮಾಡೋದಲ್ವಾ.

ಇವತ್ತು ಯೋಚನೆ ಮಾಡಿದರೆ ಒಂದು ವಿಷಯ ಒಪ್ಕೋಬೇಕು. ಬೇಸ್ ಕೆಟ್ಟಿರಲಿ ಅಂತ ನನಗೆ ಒಳಗೊಳಗೇ ಆಸೆ ಇತ್ತು. ಕೆಟ್ಟಿದ್ದರೆ ದುಡ್ಡು ವಾಪಸ್ ಬರುತ್ತೆ. ದುಡ್ಡು ವಾಪಸ್ ಬಂದರೆ ಅಪ್ಪನಿಗೆ ಏನೂ ಹೇಳಬೇಕಾಗಿಲ್ಲ. ಹಾಗಾಗಿ ತಪ್ಪು ಎಲ್ಲಿದೆ ಅಂತ ನಾನು ನಿಜವಾಗಿ ಹುಡುಕಲೇ ಇಲ್ಲ. ತಪ್ಪು ಅದರದ್ದು ಅನ್ನೋಕೆ ಸಾಕ್ಷಿ ಮಾತ್ರ ಹುಡುಕ್ತಾ ಇದ್ದೆ.

ಚೌಡಯ್ಯನವರ ಊರಿನಲ್ಲಿ

ಒಂಬತ್ತನೇ ದಿನ ಕೆಲಸಕ್ಕೆ ಟಿ. ನರಸೀಪುರಕ್ಕೆ ಹೋಗಬೇಕಿತ್ತು. ಅಲ್ಲಿ ನಾನು ಲೆಕ್ಕ ಬರೆಯೋ ಅಂಗಡಿಯವರ ಮನೆ ಮಹಡಿಯಲ್ಲಿ ವಯಸ್ಸಾದ ಪಿಟೀಲು ಮೇಷ್ಟ್ರು ಒಬ್ಬರು ಮಕ್ಕಳಿಗೆ ಪಾಠ ಹೇಳ್ತಾರೆ. ಅಂಗಡಿಯವರ ಹತ್ತಿರ ಗೋಳು ಹೇಳಿಕೊಂಡಾಗ, "ಮೆಟ್ಟಿಲಿಲ್ಲದ್ದು ಅಂತೀಯ, ನಮ್ಮ ಮೇಷ್ಟ್ರಿಗೆ ತೋರಿಸು ತಂದು" ಅಂದಿದ್ದರು. ಸರಿ, ಬೇಸ್ ಬೆನ್ನಿಗೇರಿಸಿ ಬಸ್ ಹತ್ತಿದೆ. ಕಂಡಕ್ಟರ್ ಚೀಲವನ್ನ ಮೇಲಿಂದ ಕೆಳಗೆ ನೋಡಿ, "ಇವ್ರಿಗೂ ಟಿಕೆಟ್ ತಗೋತೀರಾ?" ಅಂದರು.

ಟಿ. ನರಸೀಪುರದ 'ಟಿ' ಅಂದ್ರೆ ತಿರುಮಕೂಡಲು. ಪಿಟೀಲು ಟಿ. ಚೌಡಯ್ಯನವರ ಹೆಸರಿನ 'ಟಿ'ಯೂ ಅದೇ. 1895ರಲ್ಲಿ ಹುಟ್ಟಿದ, ಬಿಡಾರಂ ಕೃಷ್ಣಪ್ಪನವರ ಶಿಷ್ಯ. ಮೈಕ್ ಇಲ್ಲದ ಕಾಲದಲ್ಲಿ ಸಭೆಯ ಕೊನೇ ಸಾಲಿಗೂ ಪಿಟೀಲು ಕೇಳಬೇಕು ಅಂತ 4 ತಂತಿಗೆ ಇನ್ನೂ 3 ಸೇರಿಸಿ 7 ತಂತಿಯ ಪಿಟೀಲು ನುಡಿಸಿದರು. 1957ರಲ್ಲಿ ಸಂಗೀತ ಕಲಾನಿಧಿ ಆದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರೋ ಚೌಡಯ್ಯ ಸ್ಮಾರಕ ಭವನ ನೋಡಿರ್ತೀರಿ. ನಾನು ಮೆಟ್ಟಿಲಿಲ್ಲದ ವಾದ್ಯದ ಗುರುವನ್ನ ಯೂಟ್ಯೂಬ್‌ನಲ್ಲಿ, ಅಮೆರಿಕದಲ್ಲಿ ಹುಡುಕ್ತಾ ಇದ್ದೆ. ಆ ವಿದ್ಯೆಯ ದೊಡ್ಡ ಹೆಸರು ನಾನು ತಿಂಗಳಿಗೆರಡು ಸಲ ಬಸ್ ಇಳಿಯೋ ಊರಿನದ್ದೇ.

ಮೇಷ್ಟ್ರು ಬೇಸನ್ನ ಅಲ್ಲಿವರೆಗೂ ಮುಟ್ಟಿದವರಲ್ಲ. ಆಂಪ್ಲಿಫಯರ್ ಇರಲಿಲ್ಲ. ಕರೆಂಟ್ ಇಲ್ಲದ ಎಲೆಕ್ಟ್ರಿಕ್ ಬೇಸ್ ಪಿಸುಗುಟ್ಟುತ್ತೆ ಅಷ್ಟೇ. ಅವರು ಏನು ಮಾಡಿದರು ಗೊತ್ತಾ, ಬೇಸ್‌ನ ಮೇಲ್ಗಡೆ ಚಾಚಿಕೊಂಡಿರೋ ಕೊಂಬಿಗೆ ಕಿವಿ ಒತ್ತಿ ಇಟ್ಟರು. ಮರದೊಳಗಿಂದ ಸ್ಪಷ್ಟವಾಗಿ ಕೇಳುತ್ತೆ! "ನುಡಿಸು" ಅಂದರು. ಎರಡು ಸ್ವರ ನುಡಿಸಿದೆ.

"ಇದರ ತಂತಿಗಳು ಏನು?" ಅಂದರು. ಇ, ಎ, ಡಿ, ಜಿ ಅಂದೆ. "ಹಾಗಾದ್ರೆ ಎ ತಂತಿಯಲ್ಲಿ ಐದನೇ ಜಾಗಕ್ಕೆ ಬೆರಳಿಟ್ಟರೆ ಡಿ ಬರಬೇಕು. ಪಕ್ಕದಲ್ಲಿ ಡಿ ತಂತಿ ಬರಿದಾಗೇ ಇದೆ. ಎರಡನ್ನೂ ಒಟ್ಟಿಗೆ ಮೀಟು." ಮೀಟಿದೆ. ಈಗ ನೀವೂ ಕೇಳಿ.

[ಎರಡು ತಂತಿಗಳ ಸದ್ದು, ಏರಿಳಿಯುವ ಅಲೆ]

'ವಾಂವ್, ವಾಂವ್' ಅಂತ ಅಲೆ ಕೇಳಿಸ್ತಾ? ಎರಡು ಸ್ವರ ಹತ್ತಿರ ಇದ್ದು, ಒಂದಾಗದೇ ಇದ್ದಾಗ ಬರೋ ಅಲೆ ಅದು. 30 ಪೈಸೆ ವ್ಯತ್ಯಾಸಕ್ಕೆ ಈ ಎತ್ತರದಲ್ಲಿ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಲೆ ಬರುತ್ತೆ. "ಕಣ್ಣು ಮುಚ್ಚು. ಅಲೆ ನಿಲ್ಲೋವರೆಗೂ ಬೆರಳು ಮೆಲ್ಲಗೆ ಮುಂದಕ್ಕೆ ಸರಿಸು" ಅಂದರು. ಸರಿಸಿದೆ. ಅಲೆ ನಿಧಾನ ಆಯ್ತು, ಇನ್ನೂ ನಿಧಾನ ಆಯ್ತು, ನಿಂತೇ ಹೋಯ್ತು.

[ಅಲೆ ನಿಧಾನವಾಗಿ ನಿಲ್ಲುವ ಸದ್ದು]

"ಈಗ ಕಣ್ಣು ಬಿಟ್ಟು ನೋಡು, ಬೆರಳು ಎಲ್ಲಿದೆ?"

ಚುಕ್ಕೆಯ ನೇರಕ್ಕೆ ಇತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಚುಕ್ಕೆ ಸರಿಯಾಗೇ ಇತ್ತು. ತಪ್ಪಿದ್ದದ್ದು ನನ್ನ ಬೆರಳು.

ವಿಷಯ ಏನು ಅಂದ್ರೆ, ಫ್ರೆಟ್ ಇರೋ ಗಿಟಾರಿನಲ್ಲಿ ಬೆರಳನ್ನ ಫ್ರೆಟ್ಟಿನ ಮೇಲೆ ಇಡಲ್ಲ, ಸ್ವಲ್ಪ ಹಿಂದೆ ಒತ್ತುತ್ತೀವಿ. ತಂತಿಯನ್ನ ಕತ್ತರಿಸೋದು ಲೋಹದ ಫ್ರೆಟ್ಟು. ಇಲ್ಲಿ ಕತ್ತರಿಸೋದು ಬೆರಳೇ. ಅದು ಫ್ರೆಟ್ ಇದ್ದ ಜಾಗದಲ್ಲೇ ಕೂರಬೇಕು. ಕಾಲೇಜಿನ ಅಭ್ಯಾಸ, ನನ್ನ ಬೆರಳು ತಾನಾಗೇ ಚುಕ್ಕೆಗಿಂತ ಒಂದು ಸೆಂಟಿಮೀಟರಿಗೂ ಮಿಕ್ಕಿ ಹಿಂದೆ ಕೂತಿತ್ತು. ಅಷ್ಟಕ್ಕೇ 30 ಪೈಸೆ.

ಬಸ್‌ನಲ್ಲಿ ವಾಪಸ್ ಬರ್ತಾ ಆ ರಿಟರ್ನ್ ಫಾರಂ ಅಳಿಸಿ ಹಾಕಿದೆ. ದೋಷ ಇಲ್ಲದ ವಸ್ತುವನ್ನ ದೋಷ ಇದೆ ಅಂತ ಬರೆದು ಕಳಿಸೋಕೆ ಮನಸ್ಸು ಬರಲಿಲ್ಲ. ಆ ರಾತ್ರಿ ಅಪ್ಪನಿಗೆ ಎಲ್ಲಾ ಹೇಳಿದೆ. ಕೋಚಿಂಗ್ ಸೇರಿಲ್ಲ, ಸಿಎ ಬಿಟ್ಟೆ, ದುಡ್ಡು ಇದಕ್ಕೆ ಹಾಕಿದೆ. ಅವರು ಕೇಳಿಸಿಕೊಂಡರು. "ಊಟ ಮಾಡು" ಅಂದರು. ಆಮೇಲೆ ಮೂರು ದಿನ ನನ್ನ ಜೊತೆ ಮಾತಿಲ್ಲ.

ಹೊಸಬರಿಗೆ: ಮೊದಲ ತಿಂಗಳು ಏನು ಮಾಡಬೇಕು

ಈಗ ಕೆಲಸಕ್ಕೆ ಬರೋ ಮಾತು.

ಒಂದು, ಚುಕ್ಕೆಗಳನ್ನ ಪರೀಕ್ಷೆ ಮಾಡಿ. ಕೆಲವು ಬೇಸ್‌ಗಳಲ್ಲಿ ಚುಕ್ಕೆ ಫ್ರೆಟ್ ಜಾಗದಲ್ಲೇ ಇರುತ್ತೆ, ಕೆಲವದರಲ್ಲಿ ಗಿಟಾರಿನ ಹಾಗೆ ಎರಡು ಜಾಗದ ಮಧ್ಯೆ ಇರುತ್ತೆ. ಒಂದು ಟೇಪ್ ತಗೊಳ್ಳಿ. ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು, ಅಂದ್ರೆ ಸುಮಾರು 864 ಮಿಲಿಮೀಟರ್. 12ನೇ ಜಾಗ ಅದರ ಸರಿಯಾದ ಅರ್ಧ, 432. ಜೋಡಿ ಚುಕ್ಕೆ ಅಲ್ಲೇ ಇದ್ದರೆ ಚುಕ್ಕೆಯ ಮೇಲೇ ಬೆರಳು. ಇನ್ನೊಂದು, ನಾವು ಮೇಲಿಂದ ಬಗ್ಗಿ ಓರೆಯಾಗಿ ನೋಡೋದ್ರಿಂದ ಕಣ್ಣು ಮೋಸ ಮಾಡುತ್ತೆ. ಬೆರಳು ಚುಕ್ಕೆಯ ನೇರಕ್ಕಿದೆ ಅನ್ಸುತ್ತೆ, ಇರಲ್ಲ. ಅದಕ್ಕೇ ಕೊನೇ ಮಾತು ಯಾವಾಗಲೂ ಕಿವಿಯದ್ದು.

ಎರಡು, ತಂತಿ. ದುಂಡು ಸುತ್ತಿನ ರೌಂಡ್‌ವೂಂಡ್ ತಂತಿ ಗರಗಸದ ಹಾಗೆ ಮರವನ್ನ ನಿಧಾನವಾಗಿ ತಿನ್ನುತ್ತೆ. ನುಣುಪಾದ ಫ್ಲಾಟ್‌ವೂಂಡ್ ಹಾಕಿದರೆ ಹಲಗೆ ಉಳಿಯುತ್ತೆ, ಬೆರಳಿಗೂ ಹಿತ. ಆದರೆ ಜಾಕೊ ಥರದ ಮೊನಚು ಶಬ್ದ ರೌಂಡ್‌ವೂಂಡಿನದ್ದು, ಅದಕ್ಕೇ ಅವರು ಹಲಗೆಗೆ ಎಪಾಕ್ಸಿ ಬಳಿದಿದ್ದು. ಹೊಸಬರು ನುಣುಪಿನಿಂದ ಶುರು ಮಾಡಿ ಅನ್ನೋದು ನನ್ನ ಸಲಹೆ.

ಮೂರು, ಆಂಪ್ಲಿಫಯರ್‌ಗೆ ತಕ್ಷಣ ದುಡ್ಡು ಹಾಕಬೇಡಿ. ಆಡಿಯೋ ಇಂಟರ್‌ಫೇಸ್ ಇದ್ದರೆ ಅದಕ್ಕೇ ಚುಚ್ಚಿ ಹೆಡ್‌ಫೋನ್‌ನಲ್ಲಿ ಕೇಳಿ. ಮೈಕ್ ಅಂತ ಇರೋ ಸೆಟ್ಟಿಂಗ್ ಅಲ್ಲ, ಇನ್ಸ್‌ಟ್ರುಮೆಂಟ್ ಅಂತ ಇರೋದನ್ನ ಒತ್ತಿ. ಇಲ್ಲದಿದ್ದರೆ ಶಬ್ದ ತೆಳ್ಳಗೆ ಬರುತ್ತೆ. ಅದೂ ಇಲ್ಲ ಅಂದ್ರೆ ಮೇಷ್ಟ್ರ ಹಾಗೆ ಕೊಂಬಿಗೆ ಕಿವಿ ಇಡಿ. ಖರ್ಚಿಲ್ಲ.

ನಾಲ್ಕು, ಇದು ಮುಖ್ಯ. ಟ್ಯೂನರನ್ನ ಬರೀ ತಂತಿ ಶ್ರುತಿ ಮಾಡೋಕೆ ಮಾತ್ರ ಬಳಸಿ. ಅಭ್ಯಾಸ ಮಾಡುವಾಗ ತಂಬೂರಿ ಆ್ಯಪ್ ಹಾಕ್ಕೊಳ್ಳಿ. ನಾನು ಡಿ ಇಟ್ಕೊಂಡೆ, ಹಾರ್ಮೋನಿಯಂನ ಬಿಳಿ ಎರಡು. ಮೊದಲ ವಾರ ಬರೀ ಸ ಮತ್ತು ಪ. ಬೇಜಾರಾಗುತ್ತೆ, ಆಗಲಿ. ಎ ತಂತಿಯ 5ನೇ ಜಾಗ ಸ, ಡಿ ತಂತಿಯ 7 ಪ, ಜಿ ತಂತಿಯ 7 ಮೇಲಿನ ಸ. ಕಣ್ಣು ಮುಚ್ಚಿ ಬೆರಳಿಡಿ, ಮೀಟಿ, ಅಲೆ ಇದೆಯಾ ಕೇಳಿ, ಸರಿಸಿ, ಆಮೇಲೆ ಕಣ್ಣು ಬಿಡಿ. ನಮ್ಮ ಪಿಟೀಲಿನವರನ್ನ ಗಮನಿಸಿ, ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನ ಕಾಲಿನ ಮೇಲಿಟ್ಟು ನುಡಿಸುವಾಗ ಬೆರಳನ್ನ ನೋಡ್ತಾ ಕೂರಲ್ಲ.

ಎರಡನೇ ವಾರದಿಂದ ಸರಳೆ ವರಸೆ. ಮಾಯಾಮಾಳವಗೌಳದ ರಿ ಮತ್ತು ದ, ಸ ಮತ್ತು ಪಗಳ ಪಕ್ಕದಲ್ಲೇ ಅಂಟಿಕೊಂಡಿರುತ್ತೆ. ಬೆರಳಿಗೆ ಹತ್ತಿರದ ದೂರ, ದೂರದ ದೂರ ಎರಡೂ ಅಭ್ಯಾಸ ಆಗುತ್ತೆ.

ಐದು, ಹೆದರಬೇಡಿ. ಲೆಕ್ಕ ನಮ್ಮ ಕಡೆಗಿದೆ. ಪಿಟೀಲಿನ ತಂತಿ ಸುಮಾರು 33 ಸೆಂಟಿಮೀಟರ್. ಅಲ್ಲಿ ತಲೆಯ ಹತ್ತಿರ 1 ಮಿಲಿಮೀಟರ್ ತಪ್ಪಿದರೆ 5 ಪೈಸೆ ಹೋಯ್ತು. ಬೇಸ್‌ನಲ್ಲಿ ಅದೇ 1 ಮಿಲಿಮೀಟರಿಗೆ ಸುಮಾರು 2 ಪೈಸೆ. ಮೇಲೆ 12ನೇ ಜಾಗಕ್ಕೆ ಹೋದಾಗ 4 ಆಗುತ್ತೆ. ಏಳೆಂಟು ವರ್ಷದ ಮಕ್ಕಳು ಅಷ್ಟು ಚಿಕ್ಕ ಪಿಟೀಲಿನಲ್ಲಿ ಕಲೀತಾರೆ ಅಂದ ಮೇಲೆ ನಮಗೇನು.

ಆರು, ಜಾರೋ ಚಟ. ಫ್ರೆಟ್‌ಲೆಸ್ ಕೈಗೆ ಬಂದ ತಕ್ಷಣ ಎಲ್ಲಾ ಸ್ವರಕ್ಕೂ ಜಾರಿಕೊಂಡು ಹೋಗ್ತೀವಿ. ಕೇಳೋಕೆ ಮಜಾ. ಆದರೆ ಅರ್ಧ ಸಲ ಅದು ಗಮಕ ಅಲ್ಲ, ಜಾಗ ಗೊತ್ತಿಲ್ಲದ್ದನ್ನ ಮುಚ್ಚಿಡೋ ಉಪಾಯ. ಮೊದಲು ನೇರವಾಗಿ ಹೋಗಿ ಕೂರೋದನ್ನ ಕಲೀರಿ. ಜಾರೋದು ಆಮೇಲೆ ತಾನಾಗೇ ಬರುತ್ತೆ.

ಏಳು, ರೆಕಾರ್ಡ್ ಮಾಡಿ, ಆದರೆ ಆವತ್ತೇ ಕೇಳಬೇಡಿ. ಪಾಡ್‌ಕಾಸ್ಟ್ ಮಾಡೋರಿಗೆ ಇದು ಗೊತ್ತು. ಮಾತಾಡಿದ ದಿನ ನಮ್ಮ ಮಾತು ನಮಗೆ ಅದ್ಭುತ. ಮಾರನೇ ದಿನ ಎಡಿಟಿಂಗ್‌ಗೆ ಕೂತಾಗ ಎಷ್ಟು 'ಆ, ಉಂ' ಇದೆ ಅಂತ ತಿಳಿಯುತ್ತೆ. ಬೇಸೂ ಅಷ್ಟೇ.

ಶನಿವಾರದ ಭಜನೆ

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಅಪ್ಪನೇ ಕೇಳಿದರು. "ನಿನ್ನ ಡಬ್ಬ ಭಜನೆಗೆ ತರ್ತೀಯಾ?" ಅಷ್ಟೇ ಮಾತು. ನನಗೆ ಖುಷಿಯಲ್ಲಿ ಕೈ ನಡುಗ್ತಿತ್ತು. ಒಂದು ಸಣ್ಣ ಸ್ಪೀಕರ್ ಹೊಂದಿಸಿಕೊಂಡು ಹೋದೆ. ಮನೆಯಲ್ಲೇ ಟ್ಯೂನರ್ ಇಟ್ಟು ಪಕ್ಕಾ ಶ್ರುತಿ ಮಾಡಿದ್ದೆ.

ಮೊದಲ ಪದ ಶುರುವಾಯ್ತು. ನಾನು ಸ ಹಿಡಿದೆ. ಕೆಟ್ಟದಾಗಿ ಕೇಳಿಸ್ತು. ತಾಳ ಹಾಕ್ತಾ ಇದ್ದೋರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಾನು ಮೊಬೈಲ್ ತೆಗೆದು ನೋಡಿದೆ, ಟ್ಯೂನರ್‌ನಲ್ಲಿ ಸರಿ ಇದೆ! ಪದ ಮುಗಿದ ಮೇಲೆ ಅಪ್ಪ ತಲೆ ಎತ್ತದೇ ಹೇಳಿದರು, "ಫೋನ್ ಒಳಗಿಡು. ನನ್ನ ಪೆಟ್ಟಿಗೆ ಕೇಳು."

ಅಪ್ಪನ ಹಾರ್ಮೋನಿಯಂ ನನಗಿಂತ ಹಳೇದು. ಅದರ ಬಿಳಿ ಎರಡು, ಟ್ಯೂನರಿನ ಡಿಗಿಂತ ಸ್ವಲ್ಪ ಮೇಲಿದೆ. ಮೊಬೈಲಿನ ಲೆಕ್ಕದಲ್ಲಿ ನಾನು ಸರಿ. ಆದರೆ ಹದಿನೈದು ಜನ ಹಾಡ್ತಾ ಇದ್ದದ್ದು ಅಪ್ಪನ ಪೆಟ್ಟಿಗೆಗೆ. ಅಪ್ಪ ಬಿಳಿ ಎರಡನ್ನ ಒತ್ತಿ ಹಿಡಿದರು, ನಾನು ಡಿ ತಂತಿಯ ಕಿವಿ ತಿರುಗಿಸಿ ಅಲೆ ನಿಲ್ಲೋವರೆಗೂ ಕೂಡಿಸಿದೆ, ಮಿಕ್ಕ ತಂತಿಗಳನ್ನ ಅದಕ್ಕೆ ಕೂಡಿಸಿದೆ. ಸ ಸೇರ್ತು, ಪ ಸೇರ್ತು.

ಗ ಸೇರಲಿಲ್ಲ.

ಇದು ನನಗೆ ಅರ್ಥ ಆಗೋಕೆ ಇನ್ನೊಂದು ವಾರ ಬೇಕಾಯ್ತು. ನಾನು ಗಾಂಧಾರ ಕಲಿತದ್ದು ತಂಬೂರಿ ಜೊತೆ. ತಂಬೂರಿಯಲ್ಲಿ ತಾನಾಗೇ ಹುಟ್ಟೋ ಅಂತರ ಗಾಂಧಾರ ಸದಿಂದ 386 ಪೈಸೆ ಮೇಲಿದೆ. ಹಾರ್ಮೋನಿಯಂ ಸಾಮಾನ್ಯವಾಗಿ ಎಲ್ಲಾ ಮನೆಗಳ ನಡುವೆಯೂ ಸಮ ದೂರ ಇಟ್ಟು ಶ್ರುತಿ ಮಾಡಿರೋ ವಾದ್ಯ. ಅದರ ಗ 400ರಲ್ಲಿದೆ. 14 ಪೈಸೆ ಜಾಸ್ತಿ. ಜೊತೆಗೆ ಅದರ ಸ್ವರ ಬಗ್ಗಲ್ಲ, ಗಮಕ ಬರಲ್ಲ. ಇಂಥ ಆಕ್ಷೇಪಗಳ ಮೇಲೇ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧ ಇತ್ತು.

ಇದನ್ನ ಓದಿ ನನಗೆ ಒಂಥರಾ ಗೆದ್ದ ಹಾಗೆ ಆಯ್ತು. ನೋಡಿ, ನನ್ನ ಗ ಸರಿ, ಅಪ್ಪನ ಗ ತಪ್ಪು, ಪುಸ್ತಕವೇ ಹೇಳುತ್ತೆ! ಹೇಳೋಣ ಅಂತ ಹೋದೆ. ಅವರು ಬೆಳಗ್ಗೆ ಕಿಟಕಿ ಹತ್ತಿರ ಕೂತು ಪೆಟ್ಟಿಗೆಯ ಮನೆಗಳನ್ನ ಬಟ್ಟೆಯಲ್ಲಿ ಒಂದೊಂದಾಗಿ ಒರೆಸ್ತಾ ಇದ್ದರು. ಹೇಳೋಕೆ ಆಗಲಿಲ್ಲ. ಹೇಳಿ ಏನು ಪ್ರಯೋಜನ? ಅವರ ಗ ಇರೋದು ಹಿತ್ತಾಳೆಯ ನಾಲಗೆಯಲ್ಲಿ. ಅದು ಎಲ್ಲಿಗೂ ಹೋಗಲ್ಲ. ನನ್ನ ಗ ಇರೋದು ಬೆರಳಿನ ತುದಿಯಲ್ಲಿ.

ಮುಂದಿನ ಶನಿವಾರ ಗಾಂಧಾರ ಬಂದಾಗಲೆಲ್ಲ ಬೆರಳನ್ನ ಸ್ವಲ್ಪ ಮುಂದಕ್ಕೆ ಸರಿಸಿದೆ. ಎ ತಂತಿಯ 9ನೇ ಜಾಗದಲ್ಲಿ 14 ಪೈಸೆ ಅಂದ್ರೆ ಸುಮಾರು 4 ಮಿಲಿಮೀಟರ್. ಅಷ್ಟೇ. ಅಲೆ ನಿಂತಿತು. ಫ್ರೆಟ್ ಇದ್ದಿದ್ದರೆ ಇದು ಇಷ್ಟು ಸಲೀಸಾಗಿ ಆಗ್ತಿರಲಿಲ್ಲ. ಮೆಟ್ಟಿಲಿಲ್ಲದ ವಾದ್ಯ ಇಟ್ಕೊಂಡಿರೋನಿಗೆ ಇದೊಂದು ಸೌಕರ್ಯ, ಇದೇ ಜವಾಬ್ದಾರಿ ಕೂಡ. ಜೊತೆಗಿರೋರು ಸರಿಯೋಕೆ ಆಗದೇ ಇದ್ದಾಗ ನಾವು ಸರೀಬೋದು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ನೋಡಿ. ಸರಿ ಅಂದ್ರೆ ತಪ್ಪಿಲ್ಲದ್ದು, ಸರಿ ಅಂದ್ರೆ ಪಕ್ಕಕ್ಕೆ ಜರುಗು.

ಪದ ಮುಗೀತು. ಅಪ್ಪ ಬಾತೆ ನಿಲ್ಲಿಸಿ, "ಈಗ ಕೂಡ್ತು" ಅಂದರು.

ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಸಿಎ ಬಿಟ್ಟದ್ದು ಅವರಿಗೆ ಇನ್ನೂ ನೋವೇ. ನೆಂಟರು ಕೇಳಿದಾಗ ಅವರು ಮಾತು ಬದಲಿಸ್ತಾರೆ, ನನಗೆ ಗೊತ್ತಾಗುತ್ತೆ. ಆ 30,000ವನ್ನ ತಿಂಗಳಿಗೆ 1,500ರ ಹಾಗೆ ವಾಪಸ್ ಕೊಡ್ತಾ ಇದೀನಿ. ಬೇಡ ಅಂತಾರೇನೋ ಅಂದ್ಕೊಂಡಿದ್ದೆ. ಬೇಡ ಅನ್ನಲಿಲ್ಲ. ತಗೋತಾರೆ, ಎಣಿಸ್ತಾರೆ, ಭಜನೆ ಪುಸ್ತಕದ ಕೊನೇ ಹಾಳೆಯಲ್ಲಿ ತಾರೀಕು ಹಾಕಿ ಬರೀತಾರೆ. ಏಳು ಕಂತು ಆಗಿದೆ, ಹದಿಮೂರು ಬಾಕಿ. ಅವರು ಹಾಗೆ ಬರೆದುಕೊಳ್ಳೋದು ನನಗೆ ಯಾಕೋ ಸಮಾಧಾನ.

ನಿಮ್ಮ ಮನೆಯಲ್ಲೂ ಹೊಸ ವಾದ್ಯ ಒಂದು ಡಬ್ಬದಲ್ಲೇ ಕೂತಿದ್ದರೆ, ಸರಿ ಇಲ್ಲ ಅನ್ನಿಸಿದ್ದರೆ, ವಾಪಸ್ ಕಳಿಸೋ ಮುಂಚೆ ಒಂದು ಸಲ ಕಣ್ಣು ಮುಚ್ಚಿ ಬೆರಳು ಸರಿಸಿ ನೋಡಿ. ಕೊನೆಗೆ ಕಳೆದ ಶನಿವಾರದ ಭಜನೆಯಿಂದ ಒಂದು ತುಣುಕು ಕೇಳಿಸ್ತೀನಿ. ಹಾಡಿಲ್ಲ, ಬರೀ ಅಪ್ಪನ ಪೆಟ್ಟಿಗೆ ಮತ್ತು ನನ್ನ ಬೇಸ್, ಶ್ರುತಿ ಕೂಡಿಸ್ತಾ ಇರೋದು. ಮುಂದಿನ ವಾರ ಸಿಗೋಣ. ನಮಸ್ಕಾರ.

[ಹಾರ್ಮೋನಿಯಂ, ಬೇಸ್, ಅಲೆ ನಿಧಾನವಾಗುತ್ತದೆ, ನಿಲ್ಲುತ್ತದೆ]